ಮೇಸ್ತ್ರಿ ಮುಟ್ಟದ ಮರಳು

ನಲವತ್ತು ವರ್ಷ ಗಾರೆ ಕೆಲಸ ಮಾಡಿ, ನಾಲ್ಕಂತಸ್ತಿನ ಸಾರುವೆಯ ಮೇಲೆ ಚಪ್ಪಲಿ ಹಾಕಿಕೊಂಡೇ ಓಡಾಡಿದ ಮೇಸ್ತ್ರಿ ಕಾಲು ಮುರಿದುಕೊಂಡದ್ದು ತಮ್ಮ ಮನೆಯ ಮುಂದಿನ ಮೂರು ಮೆಟ್ಟಿಲುಗಳ ಪೈಕಿ ಕೊನೆಯದರಲ್ಲಿ. ಅದೂ ತಾವೇ ಕಟ್ಟಿದ ಮೆಟ್ಟಿಲು. ನೋಡಲು ಬಂದವರು ಹೇಗಾಯಿತು ಎಂದು ಕೇಳಿದರೆ "ಕೆಲಸದಲ್ಲಿ" ಎಂದು ಒಂದೇ ಮಾತಿಗೆ ಮುಗಿಸುತ್ತಿದ್ದರು. ಹೆಂಡತಿ ಅದನ್ನು ತಿದ್ದುತ್ತಿರಲಿಲ್ಲ. ಬಂದವರನ್ನು ಬಾಗಿಲವರೆಗೆ ಕಳಿಸಿಕೊಡುವಾಗ ಮಾತ್ರ, ಮೆಟ್ಟಿಲು ನೋಡಿಕೊಂಡು ಇಳಿಯಿರಿ, ಒಂದರ ಎತ್ತರ ಒಂದಕ್ಕಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದರು.

ಮೂರು ತಿಂಗಳು ಕಾಲು ನೆಲಕ್ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಮಲಗುವ ಕೋಣೆ ಮಹಡಿಯ ಮೇಲಿತ್ತು. ಹಾಗಾಗಿ ಮೇಸ್ತ್ರಿಯ ಹಾಸಿಗೆಯನ್ನು ಕೆಳಗಿನ ಹಿಂಕೋಣೆಗೆ ತಂದು ಹಾಕಿದರು. ಅದು ಭಾವಮೈದನ ಕೋಣೆ. ಹೆಂಡತಿಯ ತಮ್ಮನಾದ ಅವನು ಫ್ರಿಜ್ ರಿಪೇರಿಯವನು. ಕಂಪನಿಯವರು ಒಂದೂವರೆ ವರ್ಷದ ಮಟ್ಟಿಗೆ ಬೇರೆ ಊರಿನ ಶೀತಗೃಹಕ್ಕೆ ಕಳಿಸಿದ್ದರಿಂದ ಹಿಂದಿನ ವಾರವಷ್ಟೇ ಹೊರಟುಹೋಗಿದ್ದ. ಬಟ್ಟೆಬರೆ, ಉಪಕರಣದ ಪೆಟ್ಟಿಗೆ ಎಲ್ಲ ಹೋಗಿತ್ತು. ಹೋಗದೆ ಉಳಿದದ್ದು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ನಾಲ್ಕು ಮೀನು, ಕೆಲವು ಬಸವನಹುಳು, ತಳದಲ್ಲಿ ಅರ್ಧ ಅಡಿ ದಪ್ಪನೆಯ ಮರಳು.

ಮೇಸ್ತ್ರಿಯ ಪ್ರಕಾರ ಭಾವಮೈದ ದುಡಿದದ್ದನ್ನೆಲ್ಲ ನೀರಿಗೆ ಹಾಕುವ ಹುಚ್ಚ. ಭಾವಮೈದನ ಪ್ರಕಾರ ಭಾವ ಎಲ್ಲ ಬಲ್ಲ ಪಂಡಿತರು, ಒಂದು ಮಾತು ಕೇಳದವರು. ಇಬ್ಬರ ಅಂದಾಜೂ ಪೂರ್ತಿ ತಪ್ಪಾಗಿರಲಿಲ್ಲ. ಅದಕ್ಕೇ ಅವನು ಹೊರಡುವಾಗ ತೊಟ್ಟಿಯ ಪಾಠವನ್ನೆಲ್ಲ ಅಕ್ಕನಿಗೇ ಹೇಳಿಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದ. ದಿನಕ್ಕೆರಡು ಸಲ ಚಿಟಿಕೆ ಆಹಾರ. ನೀರು ಆರಿ ಇಳಿದಷ್ಟೂ ಗಾಜಿನ ಮೇಲೆ ಎಳೆದ ಗೆರೆಯವರೆಗೆ ಸಪ್ಪೆ ನೀರು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಬಕೆಟ್ ನೀರು ತೆಗೆದು, ಕ್ಯಾನಿನಲ್ಲಿ ಹದ ಮಾಡಿಟ್ಟ ಉಪ್ಪುನೀರು. ಕೊನೆಯ ಪುಟದಲ್ಲಿ ಒಂದೇ ಸಾಲು: ಮರಳನ್ನು ಮುಟ್ಟಬೇಡಿ. ಅದರ ಕೆಳಗೆ ಮೂರು ಗೆರೆ.

ಮೊದಲ ಮೂರು ದಿನ ಮೇಸ್ತ್ರಿ ಮೀನುಗಳನ್ನು ನೋಡಿದರು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಗಂಡ ಹೆಂಡತಿಯಂತೆ ಒಂದೇ ಮೂಲೆಯಲ್ಲಿ ಜಗಳವಾಡುತ್ತಿದ್ದವು. ಹಳದಿಯದೊಂದು ಕಲ್ಲಿನ ಮೇಲೆ ಕೂತು ಬಂದುಹೋಗುವವರನ್ನು ಎಣಿಸುತ್ತಿತ್ತು. ಬೆರಳುದ್ದದ ನೀಲಿ ಮೀನು ಮಾತ್ರ, ಮೇಸ್ತ್ರಿ ಕೈ ಎತ್ತಿದರೆ ಗಾಜಿನ ಬಳಿ ಓಡಿಬರುತ್ತಿತ್ತು. ನಾಲ್ಕನೆಯ ದಿನ ಮೇಸ್ತ್ರಿಯ ಕಣ್ಣು ಕೆಳಗಿಳಿಯಿತು. ಅಲ್ಲಿಂದ ಶುರುವಾಯಿತು ಸಂಕಟ.

ಆಯುಷ್ಯವಿಡೀ ಮರಳು ಜರಡಿ ಹಿಡಿದ ಮನುಷ್ಯ. ಲಾರಿ ಬಂದು ನಿಂತರೆ ಒಂದು ಹಿಡಿ ಎತ್ತಿ, ಉಜ್ಜಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, ಇದು ಗಿಲಾವಿಗೆ, ಇದು ಕಾಂಕ್ರೀಟಿಗೆ, ಇದು ವಾಪಸ್ಸು ಎಂದು ಹೇಳಿದರೆ ಎಂಜಿನಿಯರೂ ಎರಡನೆಯ ಮಾತಾಡುತ್ತಿರಲಿಲ್ಲ. ಅಂಥವರ ಕಣ್ಣೆದುರು ಈ ಮರಳು. ಮೇಲ್ಮೈ ಎಲ್ಲೋ ದಿಬ್ಬ, ಎಲ್ಲೋ ಹಳ್ಳ. ರಸಮಟ್ಟ ಇಟ್ಟರೆ ಗುಳ್ಳೆ ಓಡಿಹೋಗುವಂಥದ್ದು. ಮೇಲೊಂದು ಬೆರಳಗಲ ಬಿಳುಪು, ಅದರ ಕೆಳಗೆ ಬೂದು, ತಳದಲ್ಲಿ ಅಲ್ಲಲ್ಲಿ ಮಸಿ ಬಳಿದಂಥ ಕಪ್ಪು. ನಡುವೆ ಗಾಜಿಗಂಟಿದಂತೆ ಗಾಳಿಗುಳ್ಳೆಗಳು. ದಾರದಂಥ ಹುಳುಗಳು ಕೊರೆದ ಸಣ್ಣ ಸುರಂಗಗಳು. ಇಂಥ ಮರಳನ್ನು ತಮ್ಮ ಕೆಲಸದ ಜಾಗಕ್ಕೆ ತಂದವನನ್ನು ಮೇಸ್ತ್ರಿ ಗೇಟಿನಿಂದಲೇ ಓಡಿಸುತ್ತಿದ್ದರು.

ಮಾರನೆಯ ದಿನ ಹೆಂಡತಿ ಊಟದ ತಟ್ಟೆ ತಂದಾಗ ಮೇಸ್ತ್ರಿ ಮುಖ ಹಿಂಡಿಕೊಂಡು ಕೂತಿದ್ದರು. ಮೇಲಿನ ನಾಲ್ಕು ಕಾಳು ಎತ್ತಿ ನಾಲಿಗೆಗೆ ಹಚ್ಚಿ ನೋಡಿದ್ದರು.

"ಈ ಮರಳಲ್ಲಿ ಉಪ್ಪಿದೆ ಕಣೇ" ಎಂದರು, ಕಳ್ಳನನ್ನು ಹಿಡಿದವರ ದನಿಯಲ್ಲಿ.

"ಸಮುದ್ರದ ನೀರಲ್ಲಿ ಇನ್ನೇನು ಸಕ್ಕರೆ ಇರುತ್ತಾ?" ಎಂದು ಹೆಂಡತಿ ತಟ್ಟೆ ಇಟ್ಟು ಹೋದರು.

ಆಕೆ ದರ್ಜಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಎರಡು ಸಲ ಅಳೆದು ಒಂದು ಸಲ ಕತ್ತರಿಸುವ ಜಾತಿ. ಮೇಸ್ತ್ರಿಯದೋ, ಕೈ ಕೆಸರಾದರೆ ಬಾಯಿ ಮೊಸರು ಎಂಬ ಧರ್ಮ. ಕೈ ಖಾಲಿ ಇದ್ದರೆ ಮೈಗೆ ಜ್ವರ ಬರುತ್ತಿತ್ತು. ಹಿಂಕೋಣೆಯಲ್ಲಿ ಮಲಗಿದ ಎರಡು ವಾರದಲ್ಲಿ ಅವರು ಕಿಟಕಿಯ ಚಿಲಕ ಬಿಚ್ಚಿ ಜೋಡಿಸಿದ್ದರು, ಸರಿಯಿದ್ದ ಗಡಿಯಾರವನ್ನು ರಿಪೇರಿ ಮಾಡಿ ನಿಲ್ಲಿಸಿದ್ದರು. ಈಗ ಉಳಿದಿದ್ದು ತೊಟ್ಟಿಯೊಂದೇ. ಗಾಜಿನ ಲೋಟಕ್ಕೆ ಒಂದು ಚಮಚ ಮರಳು, ಮೇಲೆ ನೀರು ಹಾಕಿ ಕುಲುಕಿ, ಧೂಳು ಎಷ್ಟು ಎತ್ತರಕ್ಕೆ ಕೂರುತ್ತದೆ ಎಂದು ಅಳತೆಪಟ್ಟಿ ಹಿಡಿದು ನೋಡಿದರು. ಅವರ ಲೆಕ್ಕದಲ್ಲಿ ಅದು ಪೂರ್ತಿ ನಪಾಸು. ನೋಟ್‌ಬುಕ್ಕಿನ ಆ ಕೊನೆಯ ಸಾಲನ್ನೂ ಅವರು ಓದಿದ್ದರು. ಮುಟ್ಟಬೇಡಿ ಎಂದರೆ ಮರಳಿನ ಗಂಧಗಾಳಿ ಇಲ್ಲದವರು ಮುಟ್ಟಬೇಡಿ ಎಂದು ಅದಕ್ಕೊಂದು ಅರ್ಥವನ್ನೂ ಮಾಡಿಕೊಂಡರು.

ಮೂರನೆಯ ವಾರ ಒಂದು ಮಧ್ಯಾಹ್ನ, ಹೆಂಡತಿ ಹೊಲಿದ ಬಟ್ಟೆಯ ಗಂಟು ತೆಗೆದುಕೊಂಡು ಶಾಲೆಗೆ ಹೋದರು. ಬರಲು ಎರಡು ಗಂಟೆಯಾಗುತ್ತದೆ. ಎರಡು ಗಂಟೆಯಲ್ಲಿ ಒಂದು ಗೋಡೆಗೇ ಗಿಲಾವು ಮಾಡಬಹುದು, ಇದೇನು ಮಹಾ ಎಂದುಕೊಂಡು ಮೇಸ್ತ್ರಿ ಒಂದು ಕಂಕುಳಿಗೆ ಊರುಗೋಲು ಕೊಟ್ಟು ಎದ್ದರು. ಮಂಚದ ಕೆಳಗಿನ ಚೀಲದಿಂದ ಗಾರೆ ಬಳಿಯುವ ಸಣ್ಣ ಕರಣೆ ಬಂತು, ಜರಡಿ ಬಂತು. ಯೋಜನೆ ಸರಳವಾಗಿತ್ತು: ಎಡದ ಮೂಲೆಯಿಂದ ಮರಳನ್ನೆಲ್ಲ ಎತ್ತಿ, ಜಾಲಿಸಿ, ತೊಳೆದು, ಮತ್ತೆ ಹಾಸಿ ಮಟ್ಟ ಮಾಡುವುದು. ಭಾವಮೈದ ಬಂದಾಗ ಕಣ್ಣು ಬಾಯಿ ಬಿಡಬೇಕು.

ಮೊದಲ ಎರಡು ಕರಣೆ ಚೆನ್ನಾಗಿಯೇ ಬಂತು. ಮೂರನೆಯದಕ್ಕೆ ತಳದ ಕಪ್ಪು ಎದ್ದಿತು. ನೀರು ಸುಣ್ಣ ಕದಡಿದಂತೆ ಬೆಳ್ಳಗಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿ, ಗುಳುಗುಳು ಎಂದು ಗುಳ್ಳೆಗಳು ಮೇಲೆ ಬಂದವು. ಜೊತೆಗೆ ಒಂದು ವಾಸನೆ. ನೂರು ಮೊಟ್ಟೆ ಕೊಳೆತ ವಾಸನೆ. ಮೇಸ್ತ್ರಿ ಅಲ್ಲಿಗೆ ನಿಲ್ಲಿಸಬೇಕಿತ್ತು. ಕೊಳೆ ಇಷ್ಟಿದೆ ಎಂದಮೇಲೆ ತೆಗೆಯಲೇಬೇಕು ಎಂದು ಇನ್ನೂ ಐದಾರು ಕರಣೆ ಎಳೆದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ನೀರು ಸ್ವಲ್ಪ ತಿಳಿಯಾದಾಗ ನೋಡುತ್ತಾರೆ, ನಾಲ್ಕು ಮೀನೂ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿವೆ. ನೀಲಿಯದು ಒಂದು ಮಗ್ಗುಲಿಗೆ ವಾಲಿತ್ತು. ಮೇಸ್ತ್ರಿಯ ಕೈಯಿಂದ ಕರಣೆ ನೀರಿಗೇ ಬಿತ್ತು.

ಹೆಂಡತಿಗೆ ಗೇಟಿನ ಹತ್ತಿರವೇ ವಾಸನೆ ಬಡಿಯಿತು. ಚರಂಡಿ ಒಡೆದಿರಬೇಕು ಎಂದುಕೊಂಡು ಒಳಗೆ ಬಂದರು. ಮೊಣಕೈವರೆಗೆ ಕಪ್ಪಾದ ಗಂಡ, ಬೂದಿಯಂಥ ತೊಟ್ಟಿ, ಬಕೆಟ್ಟಿನಲ್ಲಿ ಜರಡಿ. ಆಕೆ ಕೂಗಲಿಲ್ಲ, ಬಯ್ಯಲಿಲ್ಲ. ಕಿಟಕಿ ಎರಡೂ ತೆರೆದರು, ನೋಟ್‌ಬುಕ್ ತೆರೆದರು, ನೀರು ಕೆಟ್ಟರೆ ಏನು ಮಾಡಬೇಕೆಂಬ ಪುಟ ಹುಡುಕಿದರು. ಕ್ಯಾನಿನಲ್ಲಿದ್ದ ಹದ ಮಾಡಿದ ಉಪ್ಪುನೀರನ್ನು ಹೊಸ ಬಕೆಟ್ಟಿಗೆ ಸುರಿದು, ಗಾಳಿ ಊದುವ ಸಣ್ಣ ಯಂತ್ರದ ಕೊಳವೆ ಅದರಲ್ಲಿ ಇಳಿಬಿಟ್ಟು, ಬಲೆಯಿಂದ ಒಂದೊಂದೇ ಮೀನನ್ನು ಎತ್ತಿ ಹಾಕಿದರು. ಮೇಸ್ತ್ರಿಗೆ ಅವರು ಹೇಳಿದ ಮಾತು ಒಂದೇ, ಮಂಚದ ಮೇಲೆ ಕೂತುಕೊಳ್ಳಿ ಎಂದು. ಮೇಸ್ತ್ರಿ ಕೂತರು.

ಮೂರು ಮೀನು ಬದುಕಿದವು. ನೀಲಿಯದು ಸಂಜೆಯ ಹೊತ್ತಿಗೆ ಸತ್ತಿತು. ಅದನ್ನು ಹಿತ್ತಿಲಲ್ಲಿ ಹೂಳಲು ಹೆಂಡತಿ ಹೊರಟಾಗ, ನಾನೇ ಹೂಳುತ್ತೇನೆಂದು ಮೇಸ್ತ್ರಿ ಊರುಗೋಲು ಹಿಡಿದು ಹೋದರು. ಅವತ್ತು ರಾತ್ರಿಯ ಊಟಕ್ಕೆ ಹಸಿವಿಲ್ಲ ಎಂದರು. ಮದುವೆಯಾದ ಮೇಲೆ ಆ ಮಾತನ್ನು ಹೆಂಡತಿ ಕೇಳಿದ್ದು ಅದೇ ಮೊದಲು.

ನೋಟ್‌ಬುಕ್ಕಿನ ಹಿಂಬದಿಯಲ್ಲಿ ಸಾಕುಮೀನಿನ ಅಂಗಡಿಯೊಂದರ ಫೋನ್ ನಂಬರಿತ್ತು. ಮಾರನೆಯ ಬೆಳಿಗ್ಗೆ ಅಂಗಡಿಯಾಕೆಯೇ ಬಂದರು. ಮೊದಲು ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವರಾದ್ದರಿಂದ ಅಂಗಡಿ ಇಟ್ಟ ಮೇಲೂ ಎಲ್ಲರಿಗೂ ಅವರು ಟೀಚರಮ್ಮನೇ. ದಪ್ಪ ಕನ್ನಡಕದಿಂದ ತೊಟ್ಟಿಯ ಎಡಗಡೆಯನ್ನು ನೋಡಿದರು, ಬಲಗಡೆಯನ್ನು ನೋಡಿದರು, ತೊಟ್ಟಿಯೊಳಗೆ ಬಿದ್ದಿದ್ದ ಕರಣೆಯನ್ನು ನೋಡಿದರು.

"ಮೇಸ್ತ್ರಿಗಳೇ, ಮನೆ ಕಟ್ಟಿ ಜನ ಒಳಗೆ ಬಂದು ಸಂಸಾರ ಮಾಡ್ತಿರುವಾಗ, ತಳಪಾಯ ಕ್ಲೀನಾಗಿದೆಯೋ ಇಲ್ವೋ ಅಂತ ಅಗೆದು ನೋಡ್ತೀರಾ?"

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದರು.

"ಮತ್ತೆ ಇಲ್ಲಿ ಯಾಕೆ ಅಗೆದ್ರಿ?"

ಆಮೇಲೆ ಅರ್ಧ ಗಂಟೆ ಪಾಠ ನಡೆಯಿತು. ಈ ಮರಳು ಅಲಂಕಾರಕ್ಕಲ್ಲ, ಇದೇ ತೊಟ್ಟಿಯ ಹೊಟ್ಟೆ ಎಂದರು ಟೀಚರಮ್ಮ. ಮೀನಿನ ಹೊಲಸು, ಮಿಕ್ಕ ತಿಂಡಿ ಎಲ್ಲ ಕೆಳಗೆ ಬೀಳುತ್ತದೆ. ಹುಳು, ಬಸವನಹುಳು ಅದನ್ನು ತಿಂದು ಸಣ್ಣ ಮಾಡುತ್ತವೆ. ಗಾಳಿ ಆಡುವ ಮೇಲಿನ ಪದರದ ಬ್ಯಾಕ್ಟೀರಿಯಾ ವಿಷವನ್ನು ಅರ್ಧ ಮುರಿಯುತ್ತವೆ. ಉಳಿದರ್ಧವನ್ನು ಮುರಿಯುವ ಜೀವಿಗಳಿಗೆ ಗಾಳಿಯೇ ಆಗದು. ಅದಕ್ಕೇ ಅವು ಕೆಳಗೆ ಆಳದಲ್ಲಿ ಇರುತ್ತವೆ, ಅದಕ್ಕೇ ಮರಳು ಅರ್ಧ ಅಡಿ ಇರಬೇಕು. ನೀವು ಕೊಳೆ ಎಂದುಕೊಂಡ ಗುಳ್ಳೆಗಳು ಅವು ಕೆಲಸ ಮಾಡುತ್ತಿರುವುದರ ಗುರುತು. ತಳದಲ್ಲಿ ಕಟ್ಟಿಕೊಂಡ ಕೆಟ್ಟ ಗಾಳಿಯೂ ಅಲ್ಲೇ ಇದ್ದರೆ ಯಾರಿಗೂ ತೊಂದರೆಯಿಲ್ಲ, ಕೆದಕಿದರೆ ಮಾತ್ರ ವಿಷ.

ಬಲಗಡೆಯ ಅರ್ಧ ಹಾಗೇ ಉಳಿದಿದ್ದು ಪುಣ್ಯ. ನೀರು ಹೆಚ್ಚುಕಡಿಮೆ ಪೂರ್ತಿ ಬದಲಾಯಿತು. ಎಡಗಡೆಗೆ ಟೀಚರಮ್ಮ ನಯವಾದ ಹೊಸ ಮರಳು ಹಾಸಿ, ಅದರ ಮೇಲೆ ತಮ್ಮ ಅಂಗಡಿಯ ಹಳೆಯ ತೊಟ್ಟಿಯಿಂದ ತಂದ ಒಂದು ಬೋಗುಣಿ ಮರಳನ್ನು ಹೆಪ್ಪು ಹಾಕಿದಂತೆ ಹರಡಿದರು. ಹುಳು ಹುಪ್ಪಟೆ ಎಲ್ಲ ಅದರಲ್ಲೇ ಇದ್ದವು. ಮೀನುಗಳನ್ನು ಹತ್ತು ದಿನ ಅಂಗಡಿಯಲ್ಲಿ ನೋಡಿಕೊಳ್ಳುತ್ತೇನೆ, ಆಮೇಲೆ ನಾಲ್ಕು ತಿಂಗಳು ಹೊಸ ಜೀವ ಒಂದನ್ನೂ ಬಿಡಬೇಡಿ ಎಂದರು. ಈಗ ನಾನೇನು ಮಾಡಬೇಕು ಎಂದು ಮೇಸ್ತ್ರಿ ಕೇಳಿದರು. ಏನೂ ಮಾಡಬಾರದು ಎಂದರು ಟೀಚರಮ್ಮ. ಏನೂ ಎಂದರೆ ಎಷ್ಟು ಎಂದು ಮೇಸ್ತ್ರಿ ಮತ್ತೆ ಕೇಳಿದರು.

ಅದಕ್ಕೆ ಉತ್ತರ ಹೆಂಡತಿ ಕೊಟ್ಟರು. "ಸ್ಲ್ಯಾಬ್ ಹಾಕಿದ್ಮೇಲೆ ಇಪ್ಪತ್ತೊಂದು ದಿನ ಯಾರೂ ತುಳೀಬೇಡಿ ಅಂತ ಊರಿಗೆಲ್ಲ ಹೇಳ್ತೀರಲ್ಲ. ಇದೂ ಹಾಗೇ ಅಂತ ತಿಳ್ಕೊಳ್ಳಿ."

ಮೇಸ್ತ್ರಿಗೆ ಅದು ತಟ್ಟನೆ ಅರ್ಥವಾಯಿತು. ಅರ್ಥವಾದದ್ದು ತಲೆಗೆ, ಕೈಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ತೊಟ್ಟಿಯ ಮುಂದೆ ಕೂರುವಾಗ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಗಾಜು ಒರೆಸುವುದಿದ್ದರೆ ಮರಳಿನ ಗೆರೆಗೆ ಒಂದು ಬೆರಳು ಮೇಲೆಯೇ ನಿಲ್ಲಿಸುತ್ತಿದ್ದರು. ಒಮ್ಮೆ ಬೇರೊಂದು ಅಂಗಡಿಯವನು, ಮರಳನ್ನು ಜರಡಿ ಹಿಡಿಯುವ ನಕ್ಷತ್ರಮೀನು ಇದೆ, ಬಿಟ್ಟರೆ ತಾನೇ ಶುಚಿ ಮಾಡುತ್ತದೆ ಎಂದಾಗ ಮೇಸ್ತ್ರಿಯ ಬಾಯಲ್ಲಿ ನೀರೂರಿತು. ತಮ್ಮದೇ ಕಸುಬಿನ ಪ್ರಾಣಿ. ಟೀಚರಮ್ಮನನ್ನು ಕೇಳಿದರೆ, ಅದು ಮರಳಲ್ಲಿರುವ ಜೀವವನ್ನೆಲ್ಲ ತಿಂದು ಮುಗಿಸಿ ಕೊನೆಗೆ ತಾನೂ ಹಸಿವಿನಿಂದ ಸಾಯುತ್ತದೆ ಎಂದರು. ಮೇಸ್ತ್ರಿ ನಕ್ಷತ್ರಮೀನಿನ ಆಸೆ ಬಿಟ್ಟರು. ಯಾರ ಬಗ್ಗೆ ಹೇಳಿದರೋ ಎಂದು ಸ್ವಲ್ಪ ಹೊತ್ತು ಯೋಚನೆಯನ್ನೂ ಮಾಡಿದರು.

ಕಾಲು ಕೂಡಿತು. ಮೇಸ್ತ್ರಿ ಕೋಲು ಹಿಡಿದು ಕೆಲಸಕ್ಕೆ ಹೋಗತೊಡಗಿದರು. ಆದರೆ ಹಾಸಿಗೆ ಮಹಡಿಗೆ ಹೋಗಲಿಲ್ಲ. ಮಂಡಿ ಇನ್ನೂ ಸರಿಯಿಲ್ಲ ಎಂದರು. ಸಂಜೆ ಬಂದು ಕೈಕಾಲು ತೊಳೆದು, ಚಹಾ ಹಿಡಿದು ತೊಟ್ಟಿಯ ಮುಂದೆ ಕೂತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಆಹಾರದ ಚೂರು ನೀರಿಗೆ ಬಿದ್ದರೆ ಸಾಕು, ಮರಳೊಳಗೆ ಹೂತಿದ್ದ ಬಸವನಹುಳುಗಳು ಪುಟ್ಟ ಸೊಂಡಿಲು ಎತ್ತಿಕೊಂಡು ಒಂದೊಂದಾಗಿ ಎದ್ದು ಬರುತ್ತಿದ್ದವು. ಕೂದಲೆಳೆಯಂಥ ಹುಳುವೊಂದು ದಿನವೂ ಅದೇ ತೂತಿನಿಂದ ತಲೆ ಹಾಕಿ, ಒಂದು ಕಾಳು ಎತ್ತಿ ಪಕ್ಕಕ್ಕಿಟ್ಟು, ಒಳಗೆ ಹೋಗುತ್ತಿತ್ತು. ಕೂಲಿಯವರಲ್ಲಿ ಇಷ್ಟು ಶ್ರದ್ಧೆ ಇದ್ದಿದ್ದರೆ ಎಂದು ಮೇಸ್ತ್ರಿ ನಿಟ್ಟುಸಿರು ಬಿಟ್ಟರು.

ಐದನೆಯ ತಿಂಗಳಲ್ಲಿ, ಎಡ ಮೂಲೆಯ ಗಾಜಿಗೆ ಅಂಟಿದಂತೆ, ಮೂರು ಬೆರಳು ಆಳದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಕಾಣಿಸಿತು. ಮೇಸ್ತ್ರಿ ಹೆಂಡತಿಯನ್ನು ಕರೆದ ದನಿಗೆ ಆಕೆ ಕತ್ತರಿ ಕೈಯಲ್ಲೇ ಹಿಡಿದು ಓಡಿಬಂದರು. ಗುಳ್ಳೆಯನ್ನು ನೋಡಿದರು, ಗಂಡನನ್ನು ನೋಡಿದರು. ಇಷ್ಟಕ್ಕೇನಾ ಎಂದರು. ಹೋಗಲಿಲ್ಲ ಮಾತ್ರ, ಮಂಚದ ತುದಿಗೆ ಕೂತು, ಅದು ಮೊದಲೇ ಇತ್ತೇನೋ, ನಿಮಗೆ ಈಗ ಕಾಣಿಸಿತೇನೋ ಎಂದು ಗಂಡನನ್ನು ಕೆಣಕುತ್ತ ಸುಮಾರು ಹೊತ್ತು ಅಲ್ಲೇ ಇದ್ದರು. ಅದಾದ ವಾರಕ್ಕೆ ಮೇಸ್ತ್ರಿ ಟೀಚರಮ್ಮನ ಅಪ್ಪಣೆ ಪಡೆದು ಒಂದು ನೀಲಿ ಮೀನು ತಂದು ಬಿಟ್ಟರು. ಅದು ಅವರು ಕೈ ಎತ್ತಿದರೂ ಹತ್ತಿರ ಬರಲಿಲ್ಲ. ಅವರಿಗೂ ಅದೇ ಸರಿ ಅನ್ನಿಸಿತು.

ಅಷ್ಟರಲ್ಲಿ ಹೆಸರು ಬೇರೆ ಬರತೊಡಗಿತ್ತು. ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯಲ್ಲಿ ಇಂಥದೇ ತೊಟ್ಟಿಯ ಮರಳು ಕಂದುಗಟ್ಟಿದೆ ಎಂದು ಟೀಚರಮ್ಮ ಮೇಸ್ತ್ರಿಯನ್ನು ಕಳಿಸಿದರು. ಮೇಸ್ತ್ರಿ ಹೋಗಿ ಕೈ ಹಿಂದೆ ಕಟ್ಟಿಕೊಂಡು ಕಾಲು ಗಂಟೆ ನೋಡಿ, ತಿಂಡಿ ಅರ್ಧಕ್ಕೆ ಇಳಿಸಿ, ದೀಪ ಎರಡು ಗಂಟೆ ಕಡಿಮೆ ಉರಿಸಿ, ಬೇರೇನೂ ಮಾಡಬೇಡಿ ಎಂದು ಬಂದರು. ತಿಂಗಳಲ್ಲಿ ಅದು ತಾನಾಗಿಯೇ ತಿಳಿಯಾಯಿತು. ಇಷ್ಟು ಕಡಿಮೆ ಕೆಲಸ ಮಾಡುವ ಮನುಷ್ಯನಿಗೆ ಎಷ್ಟು ತಿಳಿದಿರಬೇಕು ಎಂದು ಡಾಕ್ಟರು ಬಂದವರಿಗೆಲ್ಲ ಹೇಳಿದರು. ಆ ಹೊಗಳಿಕೆ ಹೆಂಡತಿಯ ಕಿವಿಗೆ ಬಿದ್ದ ದಿನ ಆಕೆ ನಗು ತಡೆಯಲಾರದೆ ಒಂದು ಕಾಲರನ್ನು ತಿರುಗುಮುರುಗು ಹೊಲಿದರು.

ಒಂದೂವರೆ ವರ್ಷ ಕಳೆದು ಭಾವಮೈದ ಬಂದ. ಪಟ್ಟಣದ ಇನ್ನೊಂದು ತುದಿಯಲ್ಲಿ ಸ್ವಂತ ಅಂಗಡಿ, ಹಿಂದೆಯೇ ಮನೆ. ತೊಟ್ಟಿಯನ್ನು ಅಲ್ಲಿಗೆ ಒಯ್ಯುತ್ತೇನೆಂದು ಮೊದಲೇ ತಿಳಿಸಿದ್ದ. ಅವತ್ತು ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ. ಹೇಳಬೇಕಾದ್ದನ್ನು ಬೆಳಗಿನಿಂದ ಬಾಯಿಪಾಠ ಮಾಡಿದ್ದರು. ಭಾವಮೈದ ಚೀಲ ಕೆಳಗಿಟ್ಟು, ಅಕ್ಕ ಕೊಟ್ಟ ನೀರನ್ನೂ ಕುಡಿಯದೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮರಳಿನ ಪದರಗಳನ್ನು ನೋಡುತ್ತ ಹೋದ.

"ಭಾವ, ಈ ಎಡಗಡೆ ಏನ್ಮಾಡಿದ್ರಿ?"

ಬಾಯಿಪಾಠ ಮಾಡಿದ್ದೆಲ್ಲ ಆವಿಯಾಯಿತು. ಮೇಸ್ತ್ರಿ ಕರಣೆಯಿಂದ ಶುರುಮಾಡಿ, ಲೋಟದ ಪರೀಕ್ಷೆಗೆ ಹಿಂದೆ ಹೋಗಿ, ನೀಲಿ ಮೀನನ್ನು ಹೂತದ್ದಕ್ಕೆ ಬಂದು ನಿಲ್ಲಿಸಿದರು. ಈಗಿರುವುದು ಅದಲ್ಲ, ಬೇರೆ ಎಂದೂ ಹೇಳಿದರು. ತಲೆ ಬಗ್ಗಿಸಿ ಕೂತರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಮ್ಮನಿಗೆ ಕಣ್ಣಲ್ಲೇ ಏನೋ ಹೇಳಿದರು. ಅವನಿಗೆ ಅದರ ಅಗತ್ಯವಿರಲಿಲ್ಲ. ಆಗಲೇ ಅವನ ಮುಖದಲ್ಲಿ ನಗು ಇತ್ತು.

"ನಾನು ಮೊದಲನೇ ತೊಟ್ಟಿ ಇಟ್ಟಾಗ ಅದನ್ನ ಪೂರ್ತಿ ಕೆದಕಿಬಿಟ್ಟಿದ್ದೆ ಭಾವ. ಏಳು ಮೀನು ಹೋಯ್ತು. ಆ ಮೂರು ಗೆರೆ ನಿಮಗೆ ಅಂತ ಎಳೆದದ್ದಲ್ಲ, ನಂಗೆ ನಾನೇ ಎಳ್ಕೊಂಡಿದ್ದು."

ಮೇಸ್ತ್ರಿ ತಲೆ ಎತ್ತಿದರು. ಏಳಾ ಎಂದು ಕೇಳಿದರು. ಏಳು ಎಂದ ಅವನು. ಮೇಸ್ತ್ರಿಯ ಬೆನ್ನು ತುಸು ನೆಟ್ಟಗಾಯಿತು. ನನ್ನದು ಒಂದೇ ಎಂದು ಬಾಯಿಗೆ ಬಂದ ಮಾತನ್ನು ಹೆಂಡತಿಯ ಮುಖ ನೋಡಿ ನುಂಗಿಕೊಂಡರು.

ಸಾಗಿಸುವ ಮಾತು ಬಂದಾಗ ಮಾತ್ರ ಮೇಸ್ತ್ರಿ ಹಳೆಯ ಮೇಸ್ತ್ರಿಯಾದರು. ಕಟ್ಟಿದ ಮನೆಯನ್ನು ಯಾರಾದರೂ ಗಾಡಿಗೆ ಹೇರುತ್ತಾರೆಯೇ, ನೀರು ಬಸಿದು ಎತ್ತಿದರೆ ಪದರ ಪದರವೂ ಕಲಸಿಹೋಗುತ್ತದೆ, ಹೊಸ ತೊಟ್ಟಿ ಇಡು, ಹೆಪ್ಪಿಗೆ ಮರಳು ನಾನು ಕೊಡುತ್ತೇನೆ ಎಂದು ಟೀಚರಮ್ಮನ ಪಾಠವನ್ನೆಲ್ಲ ತಮ್ಮದೇ ಎಂಬಂತೆ ಒಪ್ಪಿಸಿದರು. ಭಾವಮೈದನಿಗೆ ಇದೆಲ್ಲ ಅವರಿಗಿಂತ ಮೊದಲೇ ಗೊತ್ತಿತ್ತು. ಆದರೂ ತಲೆಯಾಡಿಸುತ್ತ ಕೇಳಿದ. ಕೊನೆಗೆ ಅವನು ಒಯ್ದದ್ದು ಎರಡು ಬೋಗುಣಿ ಮರಳನ್ನಷ್ಟೇ. ಎಲ್ಲಿಂದ ತೆಗೆಯಲಿ ಎಂದು ಕೇಳಿದಾಗ, ಹುಳು ಹೆಚ್ಚಿರುವುದು ಎಡಗಡೆ, ಅಲ್ಲಿಂದಲೇ ತೆಗೆ, ಮೇಲಿನ ಒಂದು ಬೆರಳು ಸಾಕು ಎಂದರು ಮೇಸ್ತ್ರಿ. ತೆಗೆಯುವಾಗ ಪಕ್ಕದಲ್ಲೇ ನಿಂತು ಮೂರು ಸಲ ಮೆಲ್ಲಗೆ, ಮೆಲ್ಲಗೆ ಎಂದರು.

ಭಾವಮೈದ ತೊಟ್ಟಿ ಇಟ್ಟು ಎರಡನೆಯ ವಾರಕ್ಕೆ ನೀರು ಮಂಜಾಯಿತು. ಹೊಸ ತೊಟ್ಟಿಯಲ್ಲಿ ಅದು ಆಗುವುದೇ. ಅವನು ಅಕ್ಕನೊಂದಿಗೆ ಬೇರೇನೋ ಮಾತಾಡಲು ಫೋನ್ ಮಾಡಿದವನು, ನಡುವೆ ಇದನ್ನೂ ಹೇಳಿದ. ಮೇಸ್ತ್ರಿ ಫೋನ್ ಕಸಿದುಕೊಂಡು, ಏನೂ ಮಾಡಬೇಡ, ಕೈ ಹಾಕಬೇಡ, ಅದರ ಪಾಡಿಗೆ ಬಿಡು ಎಂದು ಗಟ್ಟಿಯಾಗಿ ಹೇಳಿ ಇಟ್ಟರು. ಇಟ್ಟ ಮೇಲೆ ಕೂತರು, ಎದ್ದರು, ಅಂಗಿ ಹಾಕಿಕೊಂಡರು. ಎಲ್ಲಿಗೆ ಎಂದು ಹೆಂಡತಿ ಕೇಳಿದರೆ, ಸುಮ್ಮನೆ ಹೀಗೇ ಎಂದರು.

ಎರಡು ಬಸ್ಸು ಬದಲಾಯಿಸಿ ಪಟ್ಟಣದ ಇನ್ನೊಂದು ತುದಿಗೆ ಹೋದರು. ಬಿಚ್ಚಿಟ್ಟ ಫ್ರಿಜ್ಜುಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಮನೆಗೆ ಹೊಕ್ಕು, ಮಂಜುನೀರಿನ ಮುಂದೆ ಸ್ಟೂಲು ಎಳೆದುಕೊಂಡರು. ಭಾವಮೈದ ಚಹಾ ತಂದುಕೊಟ್ಟ. ಕುಡಿದು ಲೋಟ ಕೆಳಗಿಟ್ಟು, ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಮುಕ್ಕಾಲು ಗಂಟೆ ನೋಡಿದರು. ಆಮೇಲೆ ಸರಿಯಾಗಿದೆ ಎಂದು ಎದ್ದು, ಏನೂ ಮಾಡದೆ, ಕತ್ತಲಾಗುವ ಮೊದಲೇ ಮನೆಗೆ ಬಂದರು.